ಗದೆ ಪಾರ್ಟು ಸ್ಟುಟ್‌ಗಾರ್ಟಿನಲ್ಲಿ

ನಾನು ಪಶ್ಚಿಮ ಜರ್ಮನಿಗೆ ಹೋದದ್ದು ಗ್ರೈಂಡಿಂಗ್ ಮಿಷನ್ನು ಕಲಿಯುವುದಕ್ಕೆ. ಕಲಿತೆ. ಅದು ಈಗ ರಾಜಾಜಿನಗರದ ನಮ್ಮ ಕಾರ್ಖಾನೆಯಲ್ಲಿ ಚೆನ್ನಾಗಿಯೇ ಓಡುತ್ತಿದೆ, ಅದರ ಬಗ್ಗೆ ಹೇಳುವುದೇನೂ ಇಲ್ಲ. ವಾಪಸು ಬಂದಾಗಿನಿಂದ ಬೀದಿಯವರು, ನೆಂಟರು, ಶಿಫ್ಟಿನವರು ಎಲ್ಲರೂ ಹಿಮ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ, ಅಲ್ಲಿನ ಹೆಂಗಸರು ಹೇಗಿದ್ದರು ಅಂತ ಕೇಳಿದ್ದಾರೆ. ಹಿಮ ತಣ್ಣಗಿತ್ತು. ಊಟಕ್ಕೆ ಆಲೂಗಡ್ಡೆ ಇತ್ತು. ಮೂರನೆಯ ಪ್ರಶ್ನೆ ಬಂದಾಗಲೆಲ್ಲ ನನ್ನ ಹೆಂಡತಿ ಜಯಮ್ಮ ಎದುರಿಗೇ ಇರುತ್ತಿದ್ದುದರಿಂದ ಉತ್ತರ ಕೊಡಲಿಲ್ಲ. ಇಲ್ಲಿ ಬರೆಯುತ್ತಿರುವುದು ಅವರ್ಯಾರೂ ಕೇಳದ ವಿಷಯ.

ಫ್ರೌ ಕೆಲ್ಲರ್ ಮನೆ

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಆರು ವಾರದ ಟ್ರೈನಿಂಗು. ಸ್ಟುಟ್‌ಗಾರ್ಟ್ ಊರಿನ ಒಂದು ಏರುಬೀದಿಯಲ್ಲಿ ಫ್ರೌ ಕೆಲ್ಲರ್ ಎಂಬಾಕೆಯ ಮನೆಯ ಮೇಲಂತಸ್ತಿನಲ್ಲಿ ನನಗೆ ರೂಮು ಕೊಟ್ಟಿದ್ದರು. ಫ್ರೌ ಅಂದರೆ ಶ್ರೀಮತಿ. ಎಪ್ಪತ್ತರ ಹತ್ತಿರದ ವಿಧವೆ, ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದವರು. ಆದ್ದರಿಂದ ನನ್ನ ಕಾರ್ಖಾನೆ ಇಂಗ್ಲಿಷನ್ನು ದಿನಾ ತಿದ್ದುತ್ತಿದ್ದರು. ನಾನು ತಲೆತಗ್ಗಿಸಿ ತಿದ್ದಿಸಿಕೊಳ್ಳುತ್ತಿದ್ದೆ.

ಮೊದಲ ಭಾನುವಾರವೇ ಎಡವಟ್ಟು ಮಾಡಿಕೊಂಡೆ. ಜಯಮ್ಮ ಬಟ್ಟೆಗಳ ನಡುವೆ ಒಂದು ತೆಂಗಿನಕಾಯಿ ಸುತ್ತಿ ಇಟ್ಟಿದ್ದಳು. ಚಟ್ನಿ ಆಸೆಗೆ ಅದನ್ನು ಹೊರಗಿನ ಕಲ್ಲುಮೆಟ್ಟಿಲ ಮೇಲೆ ಫಟಾರ್ ಅಂತ ಒಡೆದೆ. ಮೂರು ಮನೆಯ ಕಿಟಕಿ ಒಟ್ಟಿಗೇ ತೆರೆದವು. ಭಾನುವಾರ ಅಲ್ಲಿ ಯಾರೂ ಸದ್ದು ಮಾಡಕೂಡದಂತೆ. ನಮ್ಮ ಬೀದಿಯಲ್ಲಿ ಭಾನುವಾರ ಸದ್ದಿಲ್ಲ ಅಂದರೆ ಯಾರೋ ತೀರಿಕೊಂಡಿದ್ದಾರೆ ಅಂತ ಜನ ಬಾಗಿಲಿಗೆ ಬರುತ್ತಾರೆ. ಫ್ರೌ ಕೆಲ್ಲರ್ ಮೂರೂ ಕಿಟಕಿಗಳಿಗೆ ಏನೋ ಸಮಾಧಾನ ಹೇಳಿ, ನನ್ನನ್ನು ಒಳಗೆ ಕರೆದು, ಕಾಯಿಯ ನೀರನ್ನು ತಾವೇ ಒಂದು ಗುಟುಕು ಕುಡಿದು ಮುಖ ಹಿಂಡಿದರು.

ಆಗ ಅವರ ಅಡುಗೆಮನೆಯ ರೇಡಿಯೋ ಮೆಲ್ಲಗೆ ಹಾಡುತ್ತಿತ್ತು. ಒಬ್ಬ ಗಂಡಸಿನ ಕಂಠ. ದಪ್ಪ ಕಂಠ, ಅವಸರವಿಲ್ಲ, ಒಂದೊಂದು ಸ್ವರವನ್ನೂ ಅಗಿದು ಉಗಿಯುವಂತೆ ಹಾಡುತ್ತಿದ್ದ. ಭಾಷೆ ಒಂದಕ್ಷರ ತಿಳಿಯದು. ಆದರೂ ಇವನು ಖಳ ಅಂತ ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಯಾಕೆಂದರೆ ನಾನೂ ಖಳ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಕಾರ್ಖಾನೆಯವರು, ಹೊಲದವರು, ಅಂಗಡಿಯವರು ಸೇರಿ ಪೌರಾಣಿಕ ನಾಟಕ ಆಡುತ್ತೇವೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಅದರಲ್ಲಿ ದಾಯಾದಿಗಳಿಗೆ ಒಂದಡಿ ನೆಲವನ್ನೂ ಕೊಡೆನೆಂದು ಹಟ ಹಿಡಿದು, ನೂರು ಜನ ಒಡಹುಟ್ಟಿದವರನ್ನು ಕಳೆದುಕೊಳ್ಳುವ ದೊರೆಯ ಪಾತ್ರ ಒಂದಿದೆ. ನಾವು ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, ಗದೆ ಪಾರ್ಟು ಅನ್ನುತ್ತೇವೆ. ಹನ್ನೆರಡು ವರ್ಷ ನಾನು ಗದೆ ಪಾರ್ಟು ಮಾಡಿದವನು. ವಿಜಯನಗರದಿಂದ ಕೆಂಗೇರಿವರೆಗೆ ಸಿದ್ದರಾಜು ಅಂದರೆ ಗದೆ, ಗದೆ ಅಂದರೆ ಸಿದ್ದರಾಜು. ಇದು ಜಂಬವಲ್ಲ. ಜಂಬವೇ, ಆದರೆ ನಿಜ.

ರೇಡಿಯೋದಲ್ಲಿ ಹಾಡುತ್ತಿರುವವನು ಕೆಟ್ಟವನಲ್ಲವೇ ಅಂತ ಕೇಳಿದೆ. ಫ್ರೌ ಕೆಲ್ಲರ್ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಹೇಗೆ ಗೊತ್ತಾಯಿತು ಅಂದರು. ಒಳ್ಳೆಯವರು ಇಷ್ಟು ನಿಧಾನವಾಗಿ ಹಾಡುವುದಿಲ್ಲ ಮೇಡಂ ಅಂದೆ. ಅವರು ನಕ್ಕು, ನನ್ನ ವ್ಯಾಕರಣ ತಿದ್ದದೆ, ಮುಂದಿನ ಶನಿವಾರ ಕೆಲಸವಿದೆಯೇ ಅಂತ ಕೇಳಿದರು.

ಒಪೆರಾ ಮನೆಯ ಸಾಲು

ಒಪೆರಾ ಅಂದರೆ ಮಾತೇ ಇಲ್ಲದ ನಾಟಕ, ಪೂರ್ತಿ ಹಾಡೇ. ಅಲ್ಲಿ ಹಿಂದುಗಡೆ ನಿಂತು ನೋಡುವ ಜಾಗಕ್ಕೆ ಮಧ್ಯಾಹ್ನದಿಂದಲೇ ಸಾಲು. ಕೊರೆಯುವ ಚಳಿಯಲ್ಲಿ ಐವತ್ತು ಅರವತ್ತು ಜನ, ಹೆಚ್ಚಿನವರು ತಲೆ ಬೆಳ್ಳಗಾದವರು. ಯಾರೂ ತಳ್ಳುವುದಿಲ್ಲ. ಒಬ್ಬಾತ ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುತ್ತಾನೆ, ಹೆಸರು ಕೊಟ್ಟವರು ಕಾಫಿಗೆ ಹೋಗಿ ಬರಬಹುದು. ಒಳಗೆ ಹೋದ ಮೇಲೆ ನಿಲ್ಲುವ ಜಾಗದ ಕಂಬಿಗೆ ಕುತ್ತಿಗೆಯ ಮಫ್ಲರ್ ಕಟ್ಟಿದರೆ ಅದು ನಿಮ್ಮದು, ಯಾರೂ ಮುಟ್ಟುವುದಿಲ್ಲ. ಇದನ್ನು ಫ್ರೌ ಕೆಲ್ಲರ್ ನನಗೆ ವಿವರಿಸಲು ಹೊರಟರು. ವಿವರಿಸುವ ಅಗತ್ಯವೇ ಇರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು.

ನೋಟ್‌ಬುಕ್ಕಿನವನ ಹೆಸರು ಓಟ್ಟೊ. ಟ್ರಾಮ್ ಓಡಿಸುತ್ತಿದ್ದ, ದೊಡ್ಡ ಹೊಟ್ಟೆ, ಕೆಂಪು ಮೂಗು, ಮುರುಕು ಇಂಗ್ಲಿಷು. ಅವನೂ ಫ್ರೌ ಕೆಲ್ಲರೂ ಇಪ್ಪತ್ತು ವರ್ಷದಿಂದ ಇದೇ ಸಾಲಿನಲ್ಲಿ ಜಗಳವಾಡುತ್ತ ಬಂದವರು. ಜಗಳ ಒಂದೇ ವಿಷಯಕ್ಕೆ. ಆ ತಿಂಗಳು ಆಡುತ್ತಿದ್ದ ಒಪೆರಾದಲ್ಲಿ ಒಬ್ಬ ಮಂತ್ರಿ. ಚಿಕ್ಕ ವಯಸ್ಸಿನ ರಾಜಕುಮಾರನನ್ನು ಕೋಟೆಯಲ್ಲಿ ಕೂಡಿಹಾಕಿ ತಾನೇ ಆಳುತ್ತಾನೆ, ಕೊನೆಗೆ ಎಲ್ಲರೂ ಬಿಟ್ಟುಹೋಗಿ ಒಂಟಿಯಾಗಿ ಸಾಯುತ್ತಾನೆ. ಆ ಮಂತ್ರಿ ಪಾರ್ಟನ್ನು ಯಾರು ಚೆನ್ನಾಗಿ ಹಾಡಿದರು ಎಂಬುದೇ ಅವರ ತಕರಾರು.

ಫ್ರೌ ಕೆಲ್ಲರ್ ಮೆಚ್ಚಿದವನು ರಾಜಕುಮಾರನನ್ನು ಸೆರೆಗೆ ಹಾಕಿ ಅನ್ನುವಾಗ ಗಟ್ಟಿಯಾಗಿ ಹಾಡುತ್ತಲೇ ಇರಲಿಲ್ಲವಂತೆ. ಕೂತು ಸೇಬಿನ ಸಿಪ್ಪೆ ಸುಲಿಯುತ್ತ, ಚಾಕುವಿನಿಂದ ಕಣ್ಣೆತ್ತದೆ ಹಾಡಿದನಂತೆ. ಓಟ್ಟೊ ಇದಕ್ಕೆ ಮೂಗು ಮುರಿಯುತ್ತಿದ್ದ. ಸೇಬು ಸುಲಿಯುವುದನ್ನು ನೋಡಲು ಒಪೆರಾಕ್ಕೆ ಯಾಕೆ ಬರಬೇಕು, ನನ್ನ ಹೆಂಡತಿ ಸುಲಿಯುತ್ತಾಳೆ ಅನ್ನುತ್ತಿದ್ದ. ಅವನ ಪ್ರಕಾರ ಖಳ ಗುಡುಗಬೇಕು. ಗುಡುಗಿ, ಆಮೇಲೆ ಹಾಡಿನ ಉದ್ದದ ಸಾಲಿನಲ್ಲಿ ಎಲ್ಲಿಯೂ ಉಸಿರು ತೆಗೆದುಕೊಳ್ಳಬಾರದು. ಯಾರು ಯಾವ ಇಸವಿಯಲ್ಲಿ ಯಾವ ಪದದ ಮಧ್ಯೆ ಕದ್ದು ಉಸಿರೆಳೆದರು ಅನ್ನುವುದೆಲ್ಲ ಅವನಿಗೆ ಬಾಯಿಪಾಠ.

ನನಗೆ ಕಣ್ಣು ತುಂಬಿಬಂತು. ಚಳಿಗೆ ಅಂದುಕೊಂಡು ಓಟ್ಟೊ ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಏನೋ ಕೊಟ್ಟ. ಚಳಿಯಲ್ಲ. ವಿಜಯನಗರದ ಟೀ ಅಂಗಡಿ ಮುಂದೆ ನಾವು ಆಡುತ್ತಿದ್ದ ಮಾತು ಇದೇ. ಕೆಂಗೇರಿಯವನಿಗೆ ಮೀಸೆ ತಿರುವುವುದು ಜಾಸ್ತಿ, ಹಾಡು ಕಮ್ಮಿ. ನಾಗರಬಾವಿಯವನು ದರ್ಬಾರಿನಲ್ಲಿ ಹುಲಿ, ಕಂದ ಪದ್ಯ ಬಂದರೆ ಇಲಿ. ಹೀಗೆ ಗಂಟೆಗಟ್ಟಲೆ. ನನ್ನ ಪಕ್ಕ ಕೂತು ಈ ಮಾತಾಡುತ್ತಿದ್ದವನು ಮಾರೇನಹಳ್ಳಿಯ ಹನುಮಂತು. ಅವನ ಜೊತೆ ಮಾತು ಬಿಟ್ಟು ಆಗ ನಾಲ್ಕು ವರ್ಷವಾಗಿತ್ತು. ಪರದೇಶದ ಆ ಸಾಲಿನಲ್ಲಿ ನಿಂತು ಅವನನ್ನು ನೆನೆದಷ್ಟು ನಾನು ಜಯಮ್ಮನನ್ನೂ ನೆನೆದಿಲ್ಲ. ಅವಳು ಇದನ್ನು ಓದುತ್ತಾಳೆ, ಓದಲಿ.

ಮೊದಲ ಶನಿವಾರ

ಒಳಗೆ ದೀಪ ಆರಿದ ಮೇಲೆ ಕೆಮ್ಮುವುದಕ್ಕೂ ಹೆದರಬೇಕು. ಕಡಲೆಕಾಯಿ ಮಾರುವವರಿಲ್ಲ, ಮಕ್ಕಳ ಅಳುವಿಲ್ಲ, ಸೀಟಿಯಿಲ್ಲ. ಹಾಡುವವರಿಗೆ ಮೈಕೂ ಇಲ್ಲ. ಕೆಳಗೆ ಗುಂಡಿಯಂಥ ಜಾಗದಲ್ಲಿ ಅರವತ್ತು ಎಪ್ಪತ್ತು ವಾದ್ಯದವರು. ನಮ್ಮ ಒಬ್ಬ ಮೇಷ್ಟ್ರು ಒಂದು ಹಾರ್ಮೋನಿಯಂ ಇಟ್ಟುಕೊಂಡು, ಬಾಯಲ್ಲಿ ಎಲೆ ಅಡಿಕೆ ಅಗಿಯುತ್ತ, ಸಂಜೆಯಿಂದ ಬೆಳಗಿನವರೆಗೆ ಮೂವತ್ತು ಜನರನ್ನು ದಡ ಸೇರಿಸುತ್ತಾರಲ್ಲ, ಅದನ್ನು ನೆನೆದು ಹೆಮ್ಮೆಯಾಯಿತು.

ಎರಡನೆಯ ಅಂಕದಲ್ಲಿ ಮಂತ್ರಿ ಒಂದು ಹಾಡು ಹಾಡಿದ. ಹೇಗೆ ಹೇಳಲಿ, ಕೊನೆಗೆ ಕಂಠವನ್ನು ಮೇಲಕ್ಕೆ ಎತ್ತಿ ಹಿಡಿದು ನಿಲ್ಲಿಸಿದ. ನಾನು ಮೈಮರೆತೆ. ಎರಡೂ ಕೈ ಎತ್ತಿ, ಹೊಟ್ಟೆಯೊಳಗಿನಿಂದ, "ಒನ್ಸ್ ಮೋರ್!" ಅಂತ ಕೂಗಿದೆ.

ಅಷ್ಟು ದೊಡ್ಡ ಒಪೆರಾ ಮನೆಯಲ್ಲಿ ನನ್ನದೊಂದೇ ಧ್ವನಿ. ವಾದ್ಯಗಳು ಇನ್ನೂ ನುಡಿಯುತ್ತಿದ್ದವು. ಮುಂದಿನ ಸಾಲುಗಳ ಜನ ಕತ್ತು ತಿರುಗಿಸಿ ನೋಡಿದರು. ಓಟ್ಟೊ ನನ್ನ ಕೋಟಿನ ತುದಿ ಹಿಡಿದು ಜಗ್ಗಿದ. ಮಂತ್ರಿ ಮಾತ್ರ ನನ್ನ ಕಡೆ ಕಣ್ಣೂ ಹಾಯಿಸದೆ ಮುಂದಿನ ಹಾಡಿಗೆ ಹೋಗಿಬಿಟ್ಟ.

ಬಿಡುವಿನಲ್ಲಿ ಫ್ರೌ ಕೆಲ್ಲರ್ ಪಾಠ ಮಾಡಿದರು. ಇಲ್ಲಿ ಮತ್ತೊಮ್ಮೆ ಹಾಡು ಅನ್ನುವ ಪದ್ಧತಿ ಇಲ್ಲ. ನಾನು ಬಿಡಲಿಲ್ಲ. ನಮ್ಮಲ್ಲಿ ಒನ್ಸ್ ಮೋರ್ ಬಾರದಿದ್ದರೆ ನಟ ಮಾರನೆಯ ದಿನ ಊರಲ್ಲಿ ತಲೆ ಎತ್ತಿ ತಿರುಗುವುದಿಲ್ಲ, ಒಂದೇ ಹಾಡು ಮೂರು ಸಲ ಹಾಡಿದ ದಾಖಲೆ ನನ್ನದೇ ಇದೆ ಅಂದೆ. ಅವರು ಸ್ವಲ್ಪ ಯೋಚಿಸಿ, ಆ ಹೊತ್ತಿನಲ್ಲಿ ಸೈಡಿನಲ್ಲಿ ನಿಂತು ಕಾಯುತ್ತಿರುವ ಮುಂದಿನ ನಟನ ಗತಿ ಏನು ಅಂತ ಕೇಳಿದರು. ಬರೀ ಕುತೂಹಲಕ್ಕೆ ಕೇಳಿದ್ದು. ನಾನು ಮಾತ್ರ ಕೋಟಿನ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕಿಕೊಂಡೆ. ಬಿಡುವಿನ ಗಂಟೆ ಬಾರಿಸಿದ್ದು ಪುಣ್ಯ.

ಟ್ರಾಮ್ ಡಿಪೋ ಎದುರಿನ ಕಾಫಿ ಅಂಗಡಿ

ಅಲ್ಲಿಂದ ಮೂರು ಶನಿವಾರ ತಪ್ಪದೆ ಹೋದೆ. ಆಟಕ್ಕೆ ಮೊದಲು ಟ್ರಾಮ್ ಡಿಪೋ ಎದುರಿನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದೆವು. ಅವರ ಕಾಫಿ ಕಷಾಯ. ನಮ್ಮ ಕಾಫಿ ಬಗ್ಗೆ ನಾನು ಮಾಡಿದ ಭಾಷಣಕ್ಕೆ ಅಂಗಡಿಯಾಕೆ ಬೇಸತ್ತು ಬಿಸಿ ಹಾಲಿನ ಜಗ್ಗನ್ನೇ ನನ್ನ ಮುಂದೆ ಇಟ್ಟುಹೋಗುವಳು.

ಒಂದು ದಿನ ಓಟ್ಟೊ ಕೇಳಿದ, ನಿಮ್ಮ ಊರಲ್ಲಿ ಖಳನ ಪಾರ್ಟನ್ನು ಎಲ್ಲರಿಗಿಂತ ಚೆನ್ನಾಗಿ ಹಾಡುವವರು ಯಾರು ಅಂತ. ನಾನೇ ಅಂದೆ. ಹಾಡಿ ತೋರಿಸು ಅಂದ. ಎದ್ದು ನಿಂತು ದರ್ಬಾರಿನ ಹಾಡು ಹಾಡಿದೆ, ಕುರ್ಚಿಯನ್ನು ಗದೆ ಮಾಡಿಕೊಂಡು. ಅಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಟೇಬಲ್ಲು ಕುಟ್ಟಿದರು. ಓಟ್ಟೊ ಅಂತೂ ನೀನು ಉಸಿರು ಕದಿಯುವುದಿಲ್ಲ ಅಂತ ನನ್ನ ಕೈ ಹಿಡಿದು ಕುಲುಕಿದ.

ಫ್ರೌ ಕೆಲ್ಲರ್ ಮಾತ್ರ ಆ ದೊರೆ ಸಾಯುವುದು ಹೇಗೆ, ಆ ಹಾಡು ಹಾಡಿ ಅಂದರು. ಅದು ನನ್ನದಲ್ಲ, ಬೇರೆಯವನದು ಅಂದೆ. ಬೇರೆಯವನದು ಅಂದರೇನು ಅಂತ ಇಬ್ಬರೂ ಕೇಳಿದರು. ನಮ್ಮ ಪದ್ಧತಿ ವಿವರಿಸಿದೆ. ಊರಲ್ಲಿ ದೊಡ್ಡ ಪಾರ್ಟಿಗೆ ಆಸೆಪಡುವವರು ಹಲವರು, ನಾಟಕವೋ ರಾತ್ರಿಯಿಡೀ. ಆದ್ದರಿಂದ ಒಂದೇ ಪಾರ್ಟನ್ನು ಇಬ್ಬರಿಗೆ, ಮೂವರಿಗೆ ಹಂಚುತ್ತೇವೆ. ಮೊದಲನೆಯ ದೊರೆ ದರ್ಬಾರು ಮುಗಿಸಿ ಒಳಗೆ ಬಂದು ಸೈಡಿನಲ್ಲಿ ನಿಂತಿರುವ ಎರಡನೆಯ ದೊರೆಯ ಕೈಗೆ ಗದೆ ಕೊಡುತ್ತಾನೆ. ಮುಂದಿನದೆಲ್ಲ ಅವನದು. ಓಟ್ಟೊ ಹಿಗ್ಗಿಬಿಟ್ಟ. ಒಂದೇ ರಾತ್ರಿ ಇಬ್ಬರು ಖಳರು, ಹೋಲಿಸುವುದು ಎಷ್ಟು ಸುಲಭ, ನಮ್ಮ ಜರ್ಮನರಿಗೆ ಯಾಕೆ ಹೊಳೆಯಲಿಲ್ಲ ಅಂದ. ಆಮೇಲೆ ಕೇಳಿದ, ನಿಮ್ಮಿಬ್ಬರಲ್ಲಿ ಯಾರು ಮೇಲು?

ಸಾಲಿಗೆ ಹೊತ್ತಾಯಿತು ಅಂತ ನಾನು ಎದ್ದುಬಿಟ್ಟೆ.

ಅವರಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಹನುಮಂತು ಮಾರೇನಹಳ್ಳಿಯ ಹಳೇ ಮನೆತನದವನು. ಹೊಲವೆಲ್ಲ ಬಡಾವಣೆಯಾದ ಮೇಲೆ ಮನೆ ಮುಂದೆ ಹಿಟ್ಟಿನ ಮಿಲ್ಲು ಹಾಕಿಕೊಂಡಿದ್ದ. ಹತ್ತು ವರ್ಷ ನಾಟಕದಲ್ಲಿ ದೂತ, ಸೇನಾಪತಿ, ಅವರಿವರ ಪಾರ್ಟು ಮಾಡಿ, ನಲವತ್ತು ದಾಟಿದ ಮೇಲೆ ಮೊದಲ ಸಲ ಅವನಿಗೆ ಗದೆ ಸಿಕ್ಕಿತು. ಎರಡನೆಯ ದೊರೆ. ತಮ್ಮಂದಿರೆಲ್ಲ ಸತ್ತ ಮೇಲೆ ರಣರಂಗದಲ್ಲಿ ಒಂಟಿಯಾಗಿ ಅಲೆಯುತ್ತ 'ಎಲ್ಲಿ ಹೋದಿರಿ ನನ್ನ ನೂರು ತೋಳುಗಳೇ' ಅಂತ ಹಾಡುವ ಸೀನು ಅವನದು. ಆರು ತಿಂಗಳು ತಾಲೀಮು ಮಾಡಿದ. ಮೊದಲ ತಿಂಗಳು ನಾನು ಹೇಳಿಕೊಡುತ್ತಿದ್ದೆ. ಮೂರನೆಯ ತಿಂಗಳಿಗೆ ನಾನು ಸುಮ್ಮನಾದೆ. ಐದನೆಯ ತಿಂಗಳಿಗೆ ಅವನು 'ನನ್ನ ನೂರು' ಅನ್ನುವಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ನಿಂತರೆ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಬರೀ ಕೇಳುತ್ತಿದ್ದರು. ನಾನು ಹಾಡಿದಾಗ ಅವರು ಯಾವತ್ತೂ ನಿಲ್ಲಿಸಿದವರಲ್ಲ.

ನಾಟಕದ ದಿನ ದರ್ಬಾರಿನ ಹಾಡಿಗೆ ನನಗೆ ಎರಡು ಸಲ ಒನ್ಸ್ ಮೋರ್ ಬಂತು. ಹಾಡಿ, ಒಳಗೆ ಬಂದೆ. ಸೈಡಿನಲ್ಲಿ ಹನುಮಂತು ಕಿರೀಟ ಹಾಕಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಎರಡೂ ಕೈ ಚಾಚಿ ನಿಂತಿದ್ದ. ಹೊರಗೆ ಜನ ಇನ್ನೂ ನನ್ನ ಹೆಸರು ಕೂಗುತ್ತಿದ್ದರು. ನಾನು ಗದೆ ಕೊಡಲಿಲ್ಲ. ತಿರುಗಿ ರಂಗದ ಮೇಲೆ ಹೋಗಿ ಮೇಷ್ಟ್ರಿಗೆ ಸನ್ನೆ ಮಾಡಿ ಅವನ ಹಾಡನ್ನೇ ಎತ್ತಿಕೊಂಡೆ. ಅಲ್ಲಿಂದ ಸಾಯುವವರೆಗೆ ನಾನೇ ಮಾಡಿದೆ. ಜನ ಕರೆದರು, ಏನು ಮಾಡಲಿ ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಅವನು ಹಾಡಿದ್ದರೆ ಮಾರನೆಯ ದಿನದಿಂದ ಗದೆ ಅಂದರೆ ಸಿದ್ದರಾಜು ಅನ್ನುವ ಮಾತು ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು.

ಅವನ ತಾಯಿ ಮುಂದಿನ ಸಾಲಿನ ಚಾಪೆಯ ಮೇಲೆ ಕೂತಿದ್ದರು. ನಮ್ಮ ಹನುಮಂತು ಯಾವಾಗ ಬತ್ತಾನೆ ಅಂತ ಪಕ್ಕದವರನ್ನು ಬೆಳಗಾಗುವವರೆಗೂ ಕೇಳುತ್ತಿದ್ದರಂತೆ. ಅವನು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಮನೆಗೆ ಹೋಗಿದ್ದ. ಆಮೇಲೆ ಮತ್ತೆ ಬಣ್ಣ ಹಚ್ಚಲಿಲ್ಲ.

ಸ್ಟುಟ್‌ಗಾರ್ಟಿನಲ್ಲಿ ಕಾರ್ಖಾನೆಯಿಂದ ಟ್ರಾಮಿನಲ್ಲಿ ಬರುವಾಗ ಸಂಜೆ ನಾಲ್ಕಕ್ಕೇ ಕತ್ತಲು. ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಅವನ ಹಾಡನ್ನು ಗುನುಗಲು ನೋಡುತ್ತಿದ್ದೆ. ಸಾಹಿತ್ಯ ಬರುತ್ತಿತ್ತು, ಮಟ್ಟು ಬರುತ್ತಿತ್ತು. 'ನೂರು' ಅನ್ನುವುದರಿಂದ 'ತೋಳು' ಅನ್ನುವುದಕ್ಕೆ ಅವನು ಇಳಿಯುತ್ತಿದ್ದ ಬಗೆ ಮಾತ್ರ ನನ್ನ ಗಂಟಲಿಗೆ ಬರುತ್ತಿರಲಿಲ್ಲ. ಅದನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸುವುದು. ಊರು ಬೇಡ, ಮುದ್ದೆ ಬೇಡ, ಅದೊಂದು ಸಾಲು ಸಾಕು ಅನ್ನಿಸುವುದು. ಎರಡು ಸಲ ನಾನು ಇಳಿಯುವ ಸ್ಟಾಪು ದಾಟಿ ಡಿಪೋದವರೆಗೆ ಹೋಗಿದ್ದೇನೆ.

ಕೊನೆಯ ಶನಿವಾರ

ಆ ವಾರ ಮಂತ್ರಿ ಪಾರ್ಟಿಗೆ ಬೇರೆ ಊರಿನಿಂದ ಒಬ್ಬ ಹಿರಿಯ ಗಾಯಕ ಬಂದಿದ್ದ. ಸೇಬು ಸುಲಿದವನು ಇವನೇ. ಹದಿನೈದು ವರ್ಷವಾದ ಮೇಲೆ ಈ ಊರಿಗೆ ಮತ್ತೆ ಬಂದಿದ್ದನಂತೆ. ಫ್ರೌ ಕೆಲ್ಲರ್ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು, ಅದರ ಮೇಲೆ ಚುಚ್ಚಿದ ಬ್ರೂಚು ಬೇರೆ. ಓಟ್ಟೊ ಕೂಡ ಆ ದಿನ ರೇಗಿಸಲಿಲ್ಲ.

ಮೊದಲ ಅಂಕ ಅಮೋಘ. ಎರಡನೆಯದರಲ್ಲಿ, ಸೇಬು ಕೈಗೆತ್ತಿಕೊಂಡ ಹೊತ್ತಿಗೆ, ಅವನ ಕಂಠ ಕಟ್ಟಿತು. ಒಂದು ಸ್ವರ ಹೋಯಿತು, ಇನ್ನೊಂದು ಹೋಯಿತು. ನಮ್ಮಲ್ಲಾದರೆ ಕೂಗಾಟವಾಗುತ್ತಿತ್ತು. ಅಲ್ಲಿ ಯಾರೂ ಅಲುಗಲಿಲ್ಲ. ಫ್ರೌ ಕೆಲ್ಲರ್ ಬ್ರೂಚನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಪರದೆ ಬಿತ್ತು. ಸೂಟು ಹಾಕಿದವನೊಬ್ಬ ಮುಂದೆ ಬಂದು ಏನೋ ಹೇಳಿದ. ಓಟ್ಟೊ ನನಗೆ ಪಿಸುಗುಟ್ಟಿದ. ಹಿರಿಯನಿಗೆ ಗಂಟಲು ಹೋಗಿದೆ, ಅವನು ಅಭಿನಯ ಮಾತ್ರ ಮಾಡುತ್ತಾನೆ, ಹಾಡುವುದು ಇನ್ನೊಬ್ಬ.

ಪರದೆ ಎದ್ದಾಗ ರಂಗದ ಅಂಚಿನಲ್ಲಿ, ಒಂದು ಸ್ಟ್ಯಾಂಡಿನ ಮೇಲೆ ಪುಸ್ತಕ ಇಟ್ಟುಕೊಂಡು, ಮನೆಯಲ್ಲಿ ಹಾಕುವ ಬೂದು ಸ್ವೆಟರಿನಲ್ಲಿ ಒಬ್ಬ ನಡುವಯಸ್ಸಿನವನು ನಿಂತಿದ್ದ. ಇದೇ ಒಪೆರಾ ಮನೆಯಲ್ಲಿ ಸಣ್ಣಪುಟ್ಟ ಪಾರ್ಟು ಹಾಡುವವನಂತೆ. ಈ ಪಾರ್ಟನ್ನು ಒಂಬತ್ತು ವರ್ಷದಿಂದ ಕಲಿತಿಟ್ಟುಕೊಂಡು ಕಾಯುತ್ತಿದ್ದನಂತೆ, ಒಮ್ಮೆಯೂ ಸರದಿ ಬಂದಿರಲಿಲ್ಲ. ನಡುವೆ ಕರಿ ನಿಲುವಂಗಿಯ ಹಿರಿಯ ಬಾಯಿ ತೆರೆದು ಕೈ ಎತ್ತುತ್ತಿದ್ದ. ಕಂಠ ಅಂಚಿನಿಂದ ಬರುತ್ತಿತ್ತು. ಮೊದಲು ನಡುಗಿತು, ಆಮೇಲೆ ಕಾಲೂರಿ ನಿಂತಿತು. ಕೊನೆಯ ದೃಶ್ಯದಲ್ಲಿ, ಎಲ್ಲರೂ ಬಿಟ್ಟುಹೋದ ಕೋಟೆಯಲ್ಲಿ ಮಂತ್ರಿ ಒಂಟಿಯಾಗಿ ಹಾಡುವಾಗ, ಹಿರಿಯ ಬಾಯಿ ಆಡಿಸುವುದನ್ನೇ ಬಿಟ್ಟ. ಸುಮ್ಮನೆ ಮೆಟ್ಟಿಲ ಮೇಲೆ ಕೂತು, ಸ್ವೆಟರಿನವನ ಕಡೆ ಮುಖ ತಿರುಗಿಸಿ ಕೇಳಿಸಿಕೊಂಡ.

ಮುಗಿದ ಮೇಲೆ ಚಪ್ಪಾಳೆಗೆ ಎಲ್ಲರೂ ಮುಂದೆ ಬಂದರು. ಸ್ವೆಟರಿನವನು ಹಿಂದೆಯೇ ಉಳಿದಿದ್ದ. ಹಿರಿಯ ಹೋಗಿ ಅವನ ಕೈ ಹಿಡಿದು ಎಳೆದುಕೊಂಡು ಬಂದ, ತನ್ನ ಕರಿ ನಿಲುವಂಗಿ ಬಿಚ್ಚಿ ಅವನ ಹೆಗಲಿಗೆ ಹೊದಿಸಿದ, ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ತಳ್ಳಿ ತಾನು ಹಿಂದಿನ ಸಾಲಿಗೆ ಸರಿದ. ಜನ ಕಾಲಿನಿಂದ ನೆಲ ಬಡಿದರು. ಓಟ್ಟೊ ಅಳುತ್ತಿದ್ದ. ನಾನು ಅತ್ತೆ ಅನ್ನುವುದು ಕಮ್ಮಿ ಮಾತು. ಬಿಕ್ಕಿದೆ, ಕಂಬಿಗೆ ಕಟ್ಟಿದ್ದ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡೆ.

ಟ್ರಾಮ್ ಸ್ಟಾಪಿನಲ್ಲಿ ಮೂವರೂ ನಿಂತಿದ್ದೆವು. ಆ ದಿನ ಯಾರೂ ಯಾರನ್ನೂ ಹೋಲಿಸಲಿಲ್ಲ. ಆಮೇಲೆ ನಾನೇ ಬಾಯಿ ಬಿಟ್ಟೆ. ಓಟ್ಟೊ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳಿದೆ. ಎರಡನೆಯವನೇ ಮೇಲು, ಅವನನ್ನು ಯಾರೂ ಕೇಳದ ಹಾಗೆ ಮಾಡಿದವನು ನಾನು ಅಂತ ಎಲ್ಲವನ್ನೂ ಹೇಳಿದೆ. ಇಂಗ್ಲಿಷು ಎಲ್ಲೆಲ್ಲೋ ಹೋಯಿತು. ಫ್ರೌ ಕೆಲ್ಲರ್ ಒಂದನ್ನೂ ತಿದ್ದಲಿಲ್ಲ.

"ಅವರು ಬದುಕಿದ್ದಾರೆಯೇ?" ಅಂತ ಕೇಳಿದರು.

"ಇದ್ದಾನೆ ಮೇಡಂ. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ."

"ಹಾಗಾದರೆ ಇದನ್ನು ನನಗೆ ಯಾಕೆ ಹೇಳುತ್ತಿದ್ದೀರಿ?"

ಆಕೆಯ ಮಾತಿನಲ್ಲಿ ಕೋಪ ಇರಲಿಲ್ಲ. ಟ್ರಾಮು ಬಂತು, ಹತ್ತಿದೆವು.

ಮಾರೇನಹಳ್ಳಿ

ಊರಿಗೆ ಬಂದ ಮೂರನೆಯ ದಿನ ಸೈಕಲ್ ಹತ್ತಿದೆ. ಇಪ್ಪತ್ತೈದು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು. ಎರಡು ಕಡೆ ಟೀ ಕುಡಿದೆ, ಒಂದು ಕಡೆ ಬೇಡದಿದ್ದರೂ ಗಾಳಿ ಹಾಕಿಸಿದೆ.

ಮಿಲ್ಲು ಓಡುತ್ತಿತ್ತು. ಹನುಮಂತುವಿನ ಹೆಂಡತಿ ಲಕ್ಷ್ಮಮ್ಮ ಬಾಗಿಲಲ್ಲಿ ಕೂತು ರಾಗಿ ಡಬ್ಬಗಳನ್ನು ಸಾಲಾಗಿ ಇಡುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಗಂಟಾಯಿತು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಒಳಗವ್ರೆ ಅಂದಳು. ಮೂವರು ಹೆಂಗಸರು ಹಿಟ್ಟಿಗೆ ಕಾಯುತ್ತಿದ್ದರು.

ಒಳಗೆ ಬೆಲ್ಟು, ಮೋಟಾರು, ಕಲ್ಲು ಎಲ್ಲ ಸೇರಿ ಕಿವಿ ಕಿತ್ತುಹೋಗುವ ಸದ್ದು. ಹನುಮಂತು ನನಗೆ ಬೆನ್ನು ಮಾಡಿ ಹಿಟ್ಟಿನ ಚೀಲ ಹಿಡಿದು ನಿಂತಿದ್ದ. ಪಕ್ಕಕ್ಕೆ ಸರಿದು ನೋಡಿದೆ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಹಿಟ್ಟು. ಬಾಯಿ ಆಡುತ್ತಿತ್ತು. ಹಾಡುತ್ತಿದ್ದ. ಕೇಳಿಸುತ್ತಿರಲಿಲ್ಲ, ಆದರೆ ತುಟಿ ನೋಡಿದರೆ ಸಾಕು, ಯಾವ ಹಾಡು ಅಂತ ನನಗಲ್ಲದೆ ಯಾರಿಗೆ ಗೊತ್ತಾಗಬೇಕು. ಮಿಷನ್ನು ಓಡುವಾಗ ಮಾತ್ರ ಹಾಡಿಕೊಳ್ಳುತ್ತಾರೆ, ನಿಂತರೆ ನಿಲ್ಲಿಸುತ್ತಾರೆ, ನಾಲ್ಕು ವರ್ಷದಿಂದ ಹೀಗೇ ಅಂತ ಲಕ್ಷ್ಮಮ್ಮ ಆಮೇಲೆ ಹೇಳಿದಳು.

ನನ್ನನ್ನು ಕಂಡ. ಬಾಯಿ ಮುಚ್ಚಿದ. ನಾನು ಇಷ್ಟು ದೂರ ಹೊತ್ತು ತಂದಿದ್ದನ್ನು ಆ ಸದ್ದಿನೊಳಗೇ ಕೂಗಿ ಹೇಳಿದೆ. ಕೇಳಿಸಲಿಲ್ಲ ಅನ್ನುವ ಹಾಗೆ ಕೈ ಆಡಿಸಿ, ಹೋಗಿ ಸ್ವಿಚ್ಚು ಕೆಳಗೆ ಮಾಡಿದ. ಬೆಲ್ಟು ಪಟಪಟ ಅಂದು ನಿಧಾನವಾಗಿ ನಿಂತಿತು. ಹೊರಗಿನ ಹೆಂಗಸರು ಕರೆಂಟು ಹೋಯಿತೇ ಅಂತ ಬಗ್ಗಿ ನೋಡಿದರು.

"ಏನಂದೆ?"

ಅಷ್ಟು ಜನರ ಮುಂದೆ ಇನ್ನೊಂದು ಸಲ ಹೇಳಬೇಕಾಯಿತು. "ಅವತ್ತು ನಿನ್ನ ಪಾರ್ಟು ನುಂಗ್‌ಬಿಟ್ಟೆ ಹನುಮಂತು. ಜನ ಕೂಗಿದ್ರು ಅಂತ ಅಲ್ಲ. ನೀನು ನನಗಿಂತ ಚೆನ್ನಾಗಿ ಹಾಡ್ತಿದ್ದೆ, ಅದಕ್ಕೇ ಗದೆ ಕೊಡ್ಲಿಲ್ಲ. ತಪ್ಪಾಯ್ತು ಕಣಪ್ಪ."

ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಗೊತ್ತಿತ್ತು," ಅಂದ. "ನಿನ್ ಬಾಯಿಂದ ಬರ್ಬೇಕಿತ್ತು."

ಜರ್ಮನಿಗೆ ಹೋಗಿದ್ದೆಯಂತೆ ಅಂತ ಕೇಳಿದ. ಚೀಲದ ಮೇಲೆ ಕೂತು ಎಲ್ಲ ಹೇಳಿದೆ. ಸಾಲು, ಸೇಬು, ಒನ್ಸ್ ಮೋರ್, ಹಿರಿಯ, ಸ್ವೆಟರು, ನಿಲುವಂಗಿ. ಮಧ್ಯೆ ಒಮ್ಮೆ ಅವನಿಗೆ ನಗು ಬಂತು, ಒನ್ಸ್ ಮೋರ್ ವಿಷಯಕ್ಕೆ. ಹಿಟ್ಟಿಗೆ ಬಂದ ಹೆಂಗಸರು ಡಬ್ಬದ ಮೇಲೆ ಕೂತು ಕೇಳಿಸಿಕೊಂಡರು. ಎರಡನೆಯವನು ಆ ಕೊನೆ ಹಾಡನ್ನು ಹೇಗೆ ಹಾಡಿದ ಅಂತ ಹನುಮಂತು ಕೇಳಿದ. ಅಭ್ಯಾಸಬಲ, ತೋರಿಸುವುದಕ್ಕೆ ಗಂಟಲು ಸರಿಮಾಡಿಕೊಂಡೆ.

"ನನಗೆ ಬರಲ್ಲ. ನೀನ್ ಹಾಡು," ಅಂದೆ.

ನಾನು ಅವನಾಗಿದ್ದರೆ ಇನ್ನೊಂದು ಸ್ವಲ್ಪ ಕಾಲ ಸತಾಯಿಸುತ್ತಿದ್ದೆ. ಅವನು ಸತಾಯಿಸಲಿಲ್ಲ. ಎದ್ದು, ಮೋಟಾರಿನ ಪಕ್ಕ ನಿಂತು, ಕಣ್ಣು ಮುಚ್ಚಿ ಎತ್ತಿಕೊಂಡ. ಎಲ್ಲಿ ಹೋದಿರಿ. ಟ್ರಾಮಿನ ಗಾಜಿಗೆ ಹಣೆ ಒತ್ತಿ ನಾನು ಹುಡುಕುತ್ತಿದ್ದ ಕಂಠ ಅದೇ. ಲಕ್ಷ್ಮಮ್ಮ ಬಾಗಿಲಿಗೆ ಬಂದು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು. ನನ್ನ ನೂರು ಅನ್ನುವುದಕ್ಕೆ ಮೇಲೆ ಹೋದ, ಮೇಲಿನ ಷಡ್ಜ ಮುಟ್ಟುವ ಹೊತ್ತಿಗೆ ಕಂಠ ಒಡೆಯಿತು. ಕೆಮ್ಮಿದ. ಮತ್ತೆ ಮೊದಲಿನಿಂದ ಹೋದ, ಅಲ್ಲೇ ಮತ್ತೆ ಒಡೆಯಿತು. ನಾಲ್ಕು ವರ್ಷದ ಹಿಟ್ಟಿನ ಧೂಳು, ಮೋಟಾರಿನ ಮೇಲೆ ಕೂಗಿ ಕೂಗಿ ಹಾಡಿದ್ದು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಕೇಳುತ್ತಿದ್ದ ಆ ಸ್ವರ ಇನ್ನು ಯಾರಿಗೂ ಸಿಗುವುದಿಲ್ಲ. ಅವನ ತಾಯಿಗೂ ಇಲ್ಲ, ಊರಿಗೂ ಇಲ್ಲ. ಅದು ಇದ್ದಾಗ ಅದರ ಮುಂದೆ ಗದೆ ಅಡ್ಡ ಹಿಡಿದು ನಿಂತವನು ನಾನು.

ನನ್ನ ಮುಖದಲ್ಲಿ ಏನು ಕಂಡನೋ, ಹನುಮಂತು ಹತ್ತಿರ ಬಂದು ಹಿಟ್ಟಿನ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟ.

"ಹೋಯ್ತು ಕಣೋ ಅದು. ಈಗ ಇರೋದು ಇಷ್ಟೇ, ಕೇಳು," ಅಂದು, ಒಂದು ಸ್ವರ ಕೆಳಗಿನ ಶ್ರುತಿಗೆ ಇಳಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ.

ಕೇಳಿದೆ.